ಕೂರಲಾಗದ ನಾಡಿನಲ್ಲಿ ಕಾವು ಕೂತ ಹೇಂಟೆ

ಬಹಳ ಹಿಂದೆ, ಬೆಟ್ಟಗಳಿಗೆ ಹೆಸರಿಡುವ ಕೆಲಸ ಇನ್ನೂ ಮುಗಿದಿರದ ಕಾಲದಲ್ಲಿ, ಮಣೆನಾಡು ಎಂಬ ಒಂದು ರಾಜ್ಯವಿತ್ತು. ಆ ನಾಡಿನವರು ಕೂರುವುದರಲ್ಲಿ ಹೆಸರುವಾಸಿ. ನಗಬೇಡಿ, ಕೂರುವುದೂ ಒಂದು ವಿದ್ಯೆಯೇ. ಅಲ್ಲಿ ಮನೆಗೊಂದು ಜಗಲಿ, ಮರಕ್ಕೊಂದು ಕಟ್ಟೆ, ಬಾವಿಗೊಂದು ಕಲ್ಲುಹಾಸು. ಉಣ್ಣುವುದಕ್ಕೆ ಒಂದು ಮಣೆ, ಹರಟುವುದಕ್ಕೆ ಒಂದು ಮಣೆ, ಮುನಿಸಿಕೊಂಡವರು ಗೋಡೆಗೆ ಮುಖ ಮಾಡಿ ಕೂರಲೆಂದೇ ಮೂಲೆಯಲ್ಲಿ ಇನ್ನೊಂದು ಸಣ್ಣ ಮಣೆ. ಯಾರೇ ಮನೆಗೆ ಬರಲಿ, ಮೊದಲು ಮಣೆ, ಆಮೇಲೆ ಬೆಲ್ಲ, ಆಮೇಲೆ ನೀರು. ಮಾತು ಏನಿದ್ದರೂ ಅದಾದ ಮೇಲೆ. ಇದು ಆ ನಾಡಿನ ಕಟ್ಟಳೆ.

ಅಲ್ಲಿನ ರಾಜ ಜಗಲಿರಾಯ. ಒಳ್ಳೆಯವನು. ಆದರೆ ಊಟವಾದ ಮೇಲೆ ಅವನಿಗೆ ಏನೂ ನೆನಪಿರುತ್ತಿರಲಿಲ್ಲ. ಒಂದು ದಿನ ಅವನು ಕೈ ತೊಳೆದು ಬರುತ್ತಿರುವಾಗ ಅರಮನೆಯ ಬಾಗಿಲಿಗೆ ಉರಿಗಾಲನೆಂಬ ಮಾಂತ್ರಿಕ ಬಂದ. ಲೋಕವನ್ನೆಲ್ಲ ನಡೆದು ನಡೆದು ಅವನ ಅಂಗಾಲು ಕೆಂಡವಾಗಿತ್ತು. ಕಾಲಿಟ್ಟಲ್ಲಿ ಹುಲ್ಲು ಸುಡುತ್ತಿತ್ತು. ಮಣೆನಾಡಿನಲ್ಲಿ ಬಂದವರನ್ನು ಕೂರಿಸುತ್ತಾರಂತೆ ಎಂದು ಕೇಳಿ ಅಷ್ಟು ದೂರದಿಂದ ಬಂದಿದ್ದ.

"ಕೂತಿರಿ, ಬಂದೆ" ಎಂದ ರಾಜ. ಎಂದವನು ಒಳಗೆ ಹೋಗಿ ಮಲಗಿಬಿಟ್ಟ.

ಉರಿಗಾಲ ಕಾದ. ಮಂತ್ರಿ ಆ ದಾರಿಯಲ್ಲೇ ಹೋದ, "ಕೂತಿರಿ, ಬರ್ತಾರೆ" ಎಂದ. ಅಡುಗೆಯವನು ಹೋದ, "ಕೂತಿರಿ, ಬರ್ತಾರೆ" ಎಂದ. ಸೇನಾಪತಿಯೂ ಹಾಗೇ ಎಂದು ಮೀಸೆ ತಿರುವುತ್ತಾ ಹೋದ. ಬೆಲ್ಲವನ್ನು ಮಂತ್ರಿ ಕೊಟ್ಟಿರುತ್ತಾನೆ ಎಂದು ಅಡುಗೆಯವನು ತಿಳಿದ, ಅಡುಗೆಯವನು ಕೊಟ್ಟಿರುತ್ತಾನೆ ಎಂದು ಮಂತ್ರಿ ತಿಳಿದ. ಕೊಟ್ಟವರು ಒಬ್ಬರೂ ಇಲ್ಲ. ಮಾಂತ್ರಿಕನ ಹೆಗಲ ಮೇಲೆ ಪಾಚಿ ಬೆಳೆಯಿತು, ಗಡ್ಡದಲ್ಲಿ ಜೇಡ ಬಲೆ ನೇಯಿತು. ಆಗ ಅವನು ಎದ್ದ.

"ನನ್ನನ್ನು ಕೂರಿಸಿ ಮರೆತಿರಲ್ಲ, ಇನ್ನು ನಿಮಗೆ ಕೂರುವುದೇ ಮರೆತುಹೋಗಲಿ" ಎಂದ. ಹೆಗಲ ಮೇಲಿನ ವಸ್ತ್ರವನ್ನು ನೆಲಕ್ಕೆ ಬೀಸಿ, ನಾಡಿನ ಕೂರುವ ಸುಖವನ್ನೆಲ್ಲ ಒಟ್ಟಿಗೆ ಬಳಿದ. ರಾಗಿ ಮುದ್ದೆಯಂತೆ ಉಂಡೆ ಕಟ್ಟಿ, ಕುಂಬಳಕಾಯಿ ಗಾತ್ರದ ಒಂದು ಮೊಟ್ಟೆಯೊಳಗೆ ತುಂಬಿ, ಬಗಲಲ್ಲಿ ಇಟ್ಟುಕೊಂಡ. "ಈ ಮೊಟ್ಟೆ ಎಂದು ಒಡೆಯುತ್ತದೋ ಅಂದು ನೀವು ಕೂರುತ್ತೀರಿ. ಬಡಿದರೆ ಒಡೆಯುವುದಲ್ಲ ಇದು, ಕಾವಿಗೆ ಒಡೆಯುವುದು. ಕಾವು ಕೊಡಬೇಕಾದರೆ ಯಾರಾದರೂ ಕೂರಬೇಕು. ಕೂರುವವರು ಯಾರಿದ್ದೀರಿ, ಬನ್ನಿ, ಗಾಳಿಗುಡ್ಡದ ಮೇಲೆ ಇರುತ್ತೇನೆ" ಎಂದು ನಗುತ್ತಾ ಹೊರಟುಹೋದ.

ಅವತ್ತಿನಿಂದ ಮಣೆನಾಡಿನಲ್ಲಿ ಯಾರಿಗೂ ಕೂರಲಾಗಲಿಲ್ಲ. ಮಲಗಲೂ ಆಗಲಿಲ್ಲ, ನಿಂತಲ್ಲಿ ನಿಲ್ಲಲೂ ಆಗಲಿಲ್ಲ. ರಾಜ ಸಿಂಹಾಸನವನ್ನು ಸುತ್ತುತ್ತಾ ರಾಜ್ಯವಾಳಿದ, ಸಭೆ ಅವನ ಹಿಂದೆ ಸಾಲಾಗಿ ಸುತ್ತಿತು. ಕ್ಷೌರಿಕ ಕತ್ತಿ ಹಿಡಿದು ಗಿರಾಕಿಯ ಹಿಂದೆ ಓಡಿದ, ಗಿರಾಕಿ ಅರ್ಧ ಗಡ್ಡದಲ್ಲಿ ಮುಂದೆ ಓಡಿದ. ಹಸುವಿನ ಜೊತೆ ನಡೆಯುತ್ತಲೇ ಹಾಲು ಕರೆದರು. ನಿದ್ದೆ ಬಂದರೆ ಒಬ್ಬರ ಸೊಂಟಕ್ಕೆ ಒಬ್ಬರು ಹಗ್ಗ ಕಟ್ಟಿಕೊಂಡು, ನಿದ್ದೆಯಲ್ಲೇ ಊರು ಸುತ್ತಿದರು. ತೀರಾ ದಣಿದವರ ಗತಿ ಬೇರೆ. ಮೊದಲು ಬಟ್ಟೆಯ ಅಂಚು ತನ್ನಷ್ಟಕ್ಕೇ ಸುತ್ತತೊಡಗುತ್ತಿತ್ತು. ಆಮೇಲೆ ಒಂದು ದಿನ ಅವರು ಪೂರಾ ಸುಳಿಗಾಳಿಯಾಗಿ, ಧೂಳೆಬ್ಬಿಸುತ್ತಾ ಬೀದಿಯಲ್ಲಿ ಸುತ್ತುತ್ತಿದ್ದರು.

ಆ ನಾಡಿನ ಅಂಚಿನಲ್ಲಿ ಹೊನ್ನಜ್ಜಿ ಎಂಬ ಮುದುಕಿ ಇದ್ದಳು. ಅವಳ ಗಂಡ ಆಗಲೇ ಸುಳಿಗಾಳಿಯಾಗಿ ಅಂಗಳದಲ್ಲಿ ಸುತ್ತುತ್ತಿದ್ದ. ನಶ್ಯದ ವಾಸನೆಯಿಂದ ಅವನೇ ಎಂದು ಗೊತ್ತಾಗುತ್ತಿತ್ತು. "ಈಗಷ್ಟೇ ಗುಡಿಸಿದ್ದೀನಿ, ಆ ಕಡೆ ಹೋಗಿ ಸುತ್ತಿ" ಎಂದು ಅಜ್ಜಿ ಗದರಿದರೆ ಸುಳಿಗಾಳಿ ಬೇಲಿಯ ಹತ್ತಿರ ಸರಿಯುತ್ತಿತ್ತು. ಅವರಿಗೆ ಒಬ್ಬಳೇ ಮೊಮ್ಮಗಳು. ಹೆಸರು ಬೊಮ್ಮಿ.

ಬೊಮ್ಮಿಗೆ ಕತ್ತಲೆಯ ಭಯವಿರಲಿಲ್ಲ, ಹಾವಿನ ಭಯವಿರಲಿಲ್ಲ. ಭಯವೆಲ್ಲ ಕೋಳಿಯದು. ತೆವಳುವ ವಯಸ್ಸಿನಲ್ಲಿ, ಚೆನ್ನಾಗಿದೆಯಲ್ಲ ಎಂದು ಒಂದು ಮರಿಯನ್ನು ಎತ್ತಿಕೊಳ್ಳಲು ಹೋಗಿದ್ದಳು. ತಾಯಿಕೋಳಿ ಹಾರಿ ಬಂದು ಹುಬ್ಬಿಗೆ ಕುಕ್ಕಿತ್ತು. ಗಾಯ ಮಾಯಿತು, ಕಲೆ ಉಳಿಯಿತು, ಭಯ ಬೆಳೆಯಿತು. ಕೋಳಿ ಮೊದಲು ಒಂದು ಕಣ್ಣಿನಿಂದ ನೋಡಿ, ಆಮೇಲೆ ಕತ್ತು ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡುತ್ತದಲ್ಲ, ಎರಡನೆಯ ಕಣ್ಣು ಬರುವ ಹೊತ್ತಿಗೆ ಬೊಮ್ಮಿಯ ಕಾಲು ಕಲ್ಲಾಗಿರುತ್ತಿತ್ತು. ಶಾಪ ಬಂದ ಮೇಲಂತೂ ಕೇಳಬೇಡಿ. ಮೊದಲೇ ನಿಂತಲ್ಲಿ ನಿಲ್ಲದ ಜಾತಿ, ಈಗ ಊರ ಕೋಳಿಗಳೆಲ್ಲ ಹುಚ್ಚೆದ್ದು ಓಡುತ್ತಾ ಸಿಕ್ಕಿದ್ದನ್ನೆಲ್ಲ ಕುಕ್ಕುತ್ತಿದ್ದವು. ಬೀದಿಯ ಹುಡುಗರು "ಬೊಮ್ಮೀ, ಹಿಂದೆ ಹುಂಜ" ಎಂದು ಕೂಗುತ್ತಾ ಓಡುತ್ತಿದ್ದರು. ಹಿಂದೆ ಹುಂಜ ಇರುತ್ತಿರಲಿಲ್ಲ. ಒಂದೊಂದು ಸಲ ಇರುತ್ತಿತ್ತು.

ಒಂದು ಬೆಳಿಗ್ಗೆ ಅಜ್ಜಿಯ ಹೇಂಟೆ ಕಾಣಲಿಲ್ಲ. ರಾಗಿಕಾಳಿನ ಬಣ್ಣದ ಹೇಂಟೆ. ಯಾರಿಗೂ ತಲೆಬಾಗದ ಅದರ ಗತ್ತಿಗೆ ಅಜ್ಜಿ ದೊರೆಸಾನಿ ಎಂದು ಹೆಸರಿಟ್ಟಿದ್ದಳು.

"ಬೊಮ್ಮೀ, ವಾಡೆ ಹಿಂದೆ ಒಂಚೂರು ನೋಡೇ" ಎಂದಳು ಅಜ್ಜಿ, ಒಲೆಯನ್ನು ಸುತ್ತುತ್ತಾ.

"ನಾನು ನೋಡಲ್ಲ. ಇದ್ದುಬಿಟ್ಟರೆ?"

"ಇರಲಿ ಅಂತಲೇ ಅಲ್ವೇನೇ ಹುಡುಕೋದು."

ಬೊಮ್ಮಿ ರಾಗಿ ತುಂಬುವ ದೊಡ್ಡ ಮಣ್ಣಿನ ವಾಡೆಯ ಹಿಂದಕ್ಕೆ ಓಡುನಡಿಗೆಯಲ್ಲೇ ಹೋಗಿ ಇಣುಕಿದಳು. ಅಲ್ಲಿ, ಹಳೆಯ ಬಿದಿರಿನ ಕುಕ್ಕೆಯೊಳಗೆ, ಪುಕ್ಕ ಉಬ್ಬಿಸಿಕೊಂಡು ದೊರೆಸಾನಿ ಇತ್ತು. ಒಂದು ಕಣ್ಣು. ಕತ್ತು ತಿರುಗಿತು. ಇನ್ನೊಂದು ಕಣ್ಣು.

ಬಹಳ ಹೊತ್ತಾದರೂ ಮೊಮ್ಮಗಳು ಬರಲಿಲ್ಲವೆಂದು ಅಜ್ಜಿ ಬಂದಳು. ಬಂದವಳು ಎರಡು ಸೋಜಿಗ ನೋಡಿದಳು. ಬೊಮ್ಮಿ ನಿಂತಿದ್ದಳು, ಗೋಡೆಗೆ ಹೊಡೆದ ಗೂಟದ ಹಾಗೆ. ಅದಕ್ಕಿಂತ ದೊಡ್ಡದು, ದೊರೆಸಾನಿ ಕೂತಿತ್ತು. ಇಡೀ ಮಣೆನಾಡಿನಲ್ಲಿ ಅದೊಂದೇ ಕೂತಿತ್ತು.

ಸುದ್ದಿಗೂ ಆಗ ಕೂರಲಾಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರಾಜ, ಮಂತ್ರಿ, ಸೇನಾಪತಿ, ಪಂಡಿತರು ಸಾಲಾಗಿ ಬಂದು ಹೊನ್ನಜ್ಜಿಯ ಗುಡಿಸಲನ್ನು ಸುತ್ತತೊಡಗಿದರು. ಪ್ರತಿ ಸುತ್ತಿಗೂ ಒಬ್ಬೊಬ್ಬರು ಕಿಟಕಿಯಲ್ಲಿ ಇಣುಕಿ ಮುಂದೆ ಸಾಗುತ್ತಿದ್ದರು.

"ಅದು ಹೇಗೆ ಕೂತಿದೆ?" ಎಂದ ರಾಜ ಒಂದು ಸುತ್ತಿನಲ್ಲಿ.

"ಕಾವು ಕೂತಿದೆ ಬುದ್ಧೀ" ಎಂದಳು ಅಜ್ಜಿ.

"ನಾವೂ ಕಾವು ಕೂರಬಹುದಲ್ಲ?" ಎಂದ ಮುಂದಿನ ಸುತ್ತಿನಲ್ಲಿ.

"ಮೊಟ್ಟೆ ಮೇಲೆ ಪ್ರೀತಿ ಬೇಕು ಬುದ್ಧೀ. ತಮಗೆ ಕೂರೋದರ ಮೇಲೆ ಪ್ರೀತಿ."

ಪಂಡಿತರು ಆ ಸುತ್ತಿನಲ್ಲೇ ಗಡ್ಡ ನೀವಿಕೊಂಡು ಒಪ್ಪಿದರು. ಮಾಂತ್ರಿಕ ಒಯ್ದದ್ದು ಕೂರುವ ಸುಖವನ್ನು. ಕಾವು ಕೂರುವುದು ಸುಖವಲ್ಲ, ಕೆಲಸ. ಹೊಟ್ಟೆಗಿಲ್ಲದೆ, ಮೈ ಸುಡುತ್ತಾ, ಅಲ್ಲಾಡದೆ ಮಾಡುವ ಕೆಲಸ. ಅದನ್ನು ಬಳಿದುಕೊಳ್ಳಲು ಉರಿಗಾಲನಿಗೆ ಹೊಳೆದಿರಲಿಲ್ಲ. ಹಾಗಾದರೆ ದೊರೆಸಾನಿಯನ್ನು ಗಾಳಿಗುಡ್ಡಕ್ಕೆ ಒಯ್ಯಬೇಕು, ಆ ದೊಡ್ಡ ಮೊಟ್ಟೆಯ ಮೇಲೆ ಕೂರಿಸಬೇಕು. ಸೇನಾಪತಿ ಮೀಸೆ ತಿರುವಿ ಕುಕ್ಕೆಗೆ ಕೈ ಹಾಕಿದ. ದೊರೆಸಾನಿ ಕೈಗೂ ಕುಕ್ಕಿತು, ಮೀಸೆಗೂ ಕುಕ್ಕಿತು. ಸೈನಿಕರು ಒಬ್ಬೊಬ್ಬರಾಗಿ ಹೋಗಿ ಬೆರಳು ಚೀಪುತ್ತಾ ಬಂದರು. ಎತ್ತಿಕೊಂಡವರ ಕಾಲೂ ನಿಲ್ಲದೆ ಕುಕ್ಕೆ ಗಿರಗಿರ ತಿರುಗಿ, ಮೊಟ್ಟೆಗಳು ಒಡೆಯುವುದೇ ಬಾಕಿ.

"ಅದರ ಮುಂದೆ ಸುಮ್ಮನೆ ನಿಲ್ಲೋಳು ಒಬ್ಬಳೇ" ಎಂದ ಮಂತ್ರಿ, ಬೊಮ್ಮಿಯನ್ನು ನೋಡುತ್ತಾ.

"ನಾನು ಸುಮ್ಮನೆ ನಿಂತಿಲ್ಲ. ಹೆದರಿ ನಿಂತಿದ್ದೀನಿ" ಎಂದಳು ಬೊಮ್ಮಿ.

"ಹೇಗೋ ಒಂದು. ನಿಂತಿದ್ದೀಯಲ್ಲ" ಎಂದು ಹೇಳಿ ರಾಜ ಇನ್ನೊಂದು ಸುತ್ತಿಗೆ ಹೋದ.

ಬೊಮ್ಮಿ ಖಂಡಿತ ಆಗುವುದಿಲ್ಲ ಎನ್ನುವವಳಿದ್ದಳು. ಬಾಯಿ ತೆರೆದೂ ಇದ್ದಳು. ಆಗ ಅವಳ ಕಣ್ಣಿಗೆ ಅಜ್ಜಿಯ ಸೆರಗು ಬಿತ್ತು. ಗಾಳಿಯಿಲ್ಲದಿದ್ದರೂ ಸೆರಗಿನ ತುದಿ ತನ್ನಷ್ಟಕ್ಕೇ ಸುತ್ತುತ್ತಿತ್ತು. ಅಜ್ಜಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಮೊಮ್ಮಗಳು ನೋಡದಿರಲಿ ಎಂದು. ಬೊಮ್ಮಿ ಬಾಯಿ ಮುಚ್ಚಿ, ಕಣ್ಣೂ ಮುಚ್ಚಿ, ಕುಕ್ಕೆಯ ಎರಡು ಕಿವಿ ಹಿಡಿದಳು.

ಅಜ್ಜಿ ಕುಕ್ಕೆಯ ತಳಕ್ಕೆ ಇನ್ನಷ್ಟು ಭತ್ತದ ಹೊಟ್ಟು ತುಂಬಿದಳು. ಮೊಟ್ಟೆಗಳ ನಡುವೆ ಒಂದು ಇದ್ದಿಲು, ಒಂದು ಮುರಿದ ಕುಡುಗೋಲಿನ ಚೂರು ಇಟ್ಟಳು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಇಡುವುದು ವಾಡಿಕೆ. ಬೊಮ್ಮಿಯ ಸೊಂಟಕ್ಕೆ ಒಂದು ಸೋರೆಬುರುಡೆ ನೀರು, ಒಂದು ಅಚ್ಚು ಬೆಲ್ಲ, ಒಂದು ಗಂಟು ರಾಗಿ ಕಟ್ಟಿದಳು. "ಬೆಲ್ಲ ನೀನೇ ತಿಂದು ಮುಗಿಸಬೇಡ. ದಾರಿಯಲ್ಲಿ ಯಾರಾದರೂ ಬಂದರೆ ಏನು ಕೊಡ್ತೀಯ?" ಎಂದಳು. ಸುಳಿಗಾಳಿಯಾಗಿದ್ದ ಅಜ್ಜ ಊರ ಬಾಗಿಲವರೆಗೂ ಹಿಂದೆ ಬಂದ. ಬೊಮ್ಮಿ ಸೀನಿದಳು, ಹೊರಟಳು.

ಹೋದಳು, ಹೋದಳು, ಚಂಚಲೆ ಎಂಬ ಹೊಳೆಗೆ ಬಂದಳು. ಹೊಳೆಯ ಮೇಲೆ ಬಳ್ಳಿಯ ಸೇತುವೆ, ಬೆದರಿದ ಎತ್ತಿನ ಹಗ್ಗದ ಹಾಗೆ ಕುಣಿಯುತ್ತಿತ್ತು.

"ಯಾರದು?" ಎಂದಿತು ಸೇತುವೆ. "ನಡುಗುವವರನ್ನು ನಾನು ದಾಟಿಸೋದಿಲ್ಲ. ನಾನು ನಡುಗುವುದೇ ನನಗೆ ಸಾಕಾಗಿದೆ. ಮೇಲೆ ಇನ್ನೊಬ್ಬರು ನಡುಗಿದರೆ ಕೊಡವಿ ಹಾಕ್ತೀನಿ."

ಬೊಮ್ಮಿ ನಡುಗುತ್ತಲೇ ಇದ್ದಳು. ಹೊಳೆಗೆ ಹೆದರಿ ಅಲ್ಲ. ತಲೆಯ ಮೇಲೆ ಕುಕ್ಕೆ, ಕುಕ್ಕೆಯಲ್ಲಿ ಕೋಳಿ, ಕೋಳಿಗೆ ಕೊಕ್ಕು. ಆ ಕೊಕ್ಕಿನ ಕೆಳಗೇ ತನ್ನ ನೆತ್ತಿ. ಒಂದು ಹೆಜ್ಜೆ ಇಟ್ಟಳು, ಸೇತುವೆ ಒಂದು ಸಲ ಕೊಡವಿತು. ಕುಕ್ಕೆ ವಾಲಿತು. ಆಗ ಮೇಲಿನಿಂದ ಒಂದು ಸದ್ದು ಬಂತು. ಕೊರ್ರ್, ಕೊರ್ರ್. ಅದು ಕುಕ್ಕುವ ಕೋಳಿಯ ಸದ್ದಲ್ಲ. ಇನ್ನೂ ಹುಟ್ಟದ ಮರಿಗಳಿಗೆ ತಾಯಿ ಹೇಳುವ ಮಾತು, ಗಂಟಲಲ್ಲೇ ಹುಟ್ಟಿ ಗಂಟಲಲ್ಲೇ ಮುಗಿಯುವಂಥದು. ಕೋಳಿ ಇಂಥ ಸದ್ದು ಮಾಡುತ್ತದೆಂದು ಬೊಮ್ಮಿಗೆ ಗೊತ್ತೇ ಇರಲಿಲ್ಲ. ಗೊತ್ತಾಗುವಷ್ಟು ಹತ್ತಿರ ಅವಳು ಯಾವತ್ತೂ ಹೋಗಿರಲಿಲ್ಲವಲ್ಲ. ಕೊರ್ರ್ ಎಂದರೆ ಒಂದು ಹೆಜ್ಜೆ, ಕೊರ್ರ್ ಎಂದರೆ ಇನ್ನೊಂದು ಹೆಜ್ಜೆ. ಹಾಗೇ ದಾಟಿದಳು. ಸೇತುವೆಗೂ ಆ ಜೋಗುಳ ಹಿತವೆನಿಸಿರಬೇಕು, ಅದರ ಕುಣಿತ ತೂಗಾಟವಾಗಿತ್ತು.

ಆಚೆ ದಡದಲ್ಲಿ ದೊರೆಸಾನಿಗೆ ಹಸಿವಾಯಿತು. ಬೊಮ್ಮಿ ರಾಗಿಯನ್ನು ನೆಲಕ್ಕೆ ಚೆಲ್ಲಿ ದೂರ ಓಡುವವಳಿದ್ದಳು. ಆದರೆ ಹೇಂಟೆ ಇಳಿದರೆ ಮೊಟ್ಟೆ ತಣ್ಣಗಾಗುತ್ತದೆ. ಬೇರೆ ದಾರಿಯಿಲ್ಲದೆ ಅಂಗೈಯಲ್ಲಿ ರಾಗಿ ಹಿಡಿದು, ಮುಖ ಅತ್ತ ತಿರುಗಿಸಿ, ಕೈಯನ್ನು ಕುಕ್ಕೆಯೊಳಗೆ ಚಾಚಿದಳು. ಟಕ್. ಟಕ್ ಟಕ್. ಬಾಗಿಲು ಬಡಿಯುವವರ ಬೆರಳಿನ ಹಾಗೆ, ಅಷ್ಟೇ. ರಾಗಿ ಮುಗಿದ ಮೇಲೂ ಕೊಕ್ಕು ಎರಡು ಸಲ ಅಂಗೈ ಮುಟ್ಟಿ, ಇನ್ನೇನಾದರೂ ಇದೆಯೇ ಎಂದು ವಿಚಾರಿಸಿತು.

"ಇಷ್ಟೇ" ಎಂದಳು ಬೊಮ್ಮಿ. ಅದು ಅವಳು ಕೋಳಿಯ ಜೊತೆ ಆಡಿದ ಮೊದಲ ಮಾತು.

ಮತ್ತೆ ಹೋದಳು, ಹೋದಳು, ಮುಳ್ಳುಕಾಡಿಗೆ ಬಂದಳು. ಅಲ್ಲಿ ಕರುವಿನಷ್ಟು ದೊಡ್ಡ ಮಾಯದ ಕಾಡುಬೆಕ್ಕು ಇತ್ತು. ಪಕ್ಕೆಲುಬು ಎದ್ದು ಕಾಣುತ್ತಿತ್ತು. ಪಾಪ, ಬೆಕ್ಕಿನ ಬದುಕೇ ಹೊಂಚು. ಹೊಂಚಬೇಕಾದರೆ ಕೂರಬೇಕು, ನೆಗೆಯಬೇಕಾದರೂ ಮೊದಲು ಕುಕ್ಕರಿಸಬೇಕು. ಶಾಪ ಬಂದಾಗಿನಿಂದ ಅದಕ್ಕೆ ಒಂದು ಇಲಿಯೂ ಸಿಕ್ಕಿರಲಿಲ್ಲ. ಅದು ಬೊಮ್ಮಿಯ ಸುತ್ತ ಸುತ್ತುತ್ತಾ ಬಂತು.

"ಏನಮ್ಮ ಕೂಸು, ಭಾರ ಹೊತ್ತಿದ್ದೀಯ" ಎಂದಿತು. "ಹುಬ್ಬಿನ ಮೇಲೆ ಅದೇನು ಕಲೆ?"

"ಕೋಳಿ ಕುಕ್ಕಿದ್ದು."

"ಅಯ್ಯೋ ಶಿವನೇ. ಕುಕ್ಕಿದ ಜಾತಿಯನ್ನೇ ತಲೆ ಮೇಲೆ ಹೊತ್ತು ತಿರುಗ್ತಿದ್ದೀಯಲ್ಲೇ. ಅದರ ಕಾಲು ನೋಡಿದ್ದೀಯ? ಹಲ್ಲಿಯ ಕಾಲಿನ ಹಾಗೆ. ಕಣ್ಣಂತೂ ರೆಪ್ಪೆ ಕೆಳಗಿನಿಂದ ಮೇಲಕ್ಕೆ ಮುಚ್ಚುತ್ತೆ. ನನಗೇ ನೆನೆಸಿಕೊಂಡರೆ ಮೈ ಜುಂ ಅನ್ನುತ್ತೆ. ಕೆಳಗಿಡು ತಾಯಿ. ಇಟ್ಟು ಆ ಕಡೆ ತಿರುಗು. ನೀನು ಕೊಟ್ಟೆ ಅಂತ ನಾನು ಯಾರಿಗೂ ಹೇಳಲ್ಲ. ದಾರಿಯಲ್ಲಿ ಕಳೆದುಹೋಯ್ತು ಅಂದುಬಿಡು, ಯಾರು ಬೈತಾರೆ?"

ಬೆಕ್ಕು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಾಲು ಹಲ್ಲಿಯದೇ, ರೆಪ್ಪೆ ಮುಚ್ಚುವುದೂ ಹಾಗೇ. ಬೊಮ್ಮಿ ಕುಕ್ಕೆಯನ್ನು ತಲೆಯಿಂದ ಇಳಿಸಿಯೇಬಿಟ್ಟಳು. ಇಳಿಸಿದಾಗ ದೊರೆಸಾನಿ ಅವಳನ್ನು ನೋಡಿತು. ಈ ಸಲ ಒಂದೇ ಕಣ್ಣಿನಿಂದ. ಕತ್ತು ತಿರುಗಿಸಿ ಇನ್ನೊಂದರಿಂದ ನೋಡುವ ಗೋಜಿಗೇ ಹೋಗಲಿಲ್ಲ. ಗೊತ್ತಿರುವವರನ್ನು ಎಷ್ಟು ನೋಡಬೇಕೋ ಅಷ್ಟೇ ನೋಡಿ, ಕಣ್ಣು ಮುಚ್ಚಿಕೊಂಡಿತು.

"ಬೆಕ್ಕಣ್ಣಾ" ಎಂದಳು ಬೊಮ್ಮಿ, "ನನಗೆ ಇದನ್ನ ಕಂಡರೆ ಭಯ ಹೌದು. ಆದರೆ ಇದಕ್ಕೆ ನನ್ನ ಕಂಡರೆ ಭಯ ಇಲ್ಲ. ನಿನ್ನ ಕಂಡರೂ ಇಲ್ಲ. ನಂಬಿಕೆ ಇಲ್ಲದಿದ್ದರೆ ಬಗ್ಗಿ ನೋಡು."

ಬೆಕ್ಕು ಬಗ್ಗಿ ನೋಡಿತು. ದೊರೆಸಾನಿ ಅದರ ಮೂಗಿನ ತುದಿಗೆ, ಬೆಕ್ಕುಗಳಿಗೆ ಎಲ್ಲಿ ಬಹಳ ನೋಯುತ್ತದೋ ಸರಿಯಾಗಿ ಅಲ್ಲಿಗೆ ಕುಕ್ಕಿತು. ಬೆಕ್ಕು ಓಡಿತು. ಓಡಲು ತೊಡಗಿದ ಮೇಲೆ ನಿಲ್ಲಲಾಗದಲ್ಲ, ಅದರ ಕೂಗು ಕಾಡಿನ ಆಚೆ ತುದಿಯವರೆಗೂ ಸಣ್ಣದಾಗುತ್ತಾ ಹೋಯಿತು. ಬೊಮ್ಮಿ ನಕ್ಕಳು. ಶಾಪ ಬಂದ ಮೇಲೆ ಮೊದಲ ಸಲ ನಕ್ಕಳು. ನಗುತ್ತಿದ್ದ ಹಾಗೇ ಅವಳ ಕಾಲು ತಕತಕ ಕುಣಿಯತೊಡಗಿತು.

ಅಲ್ಲೇ ಇತ್ತು ತೊಡಕು. ಇಷ್ಟು ದಿನ ಹೇಂಟೆಯ ಮುಂದೆ ಅವಳನ್ನು ನಿಲ್ಲಿಸಿದ್ದು ಭಯ. ಭಯ ಕರಗಿದಷ್ಟೂ ಶಾಪ ಅವಳ ಕಾಲಿಗೂ ಹತ್ತಿತು. ಕುಕ್ಕೆ ಅಲುಗಿತು, ಮೊಟ್ಟೆಗೆ ಮೊಟ್ಟೆ ತಗುಲಿ ಟಿಕ್ ಎಂದಿತು. "ಸುಮ್ಮನಿರು, ಸುಮ್ಮನಿರು" ಎಂದು ತನ್ನ ಕಾಲಿಗೆ ತಾನೇ ಹೇಳುತ್ತಾ, ಎಡವುತ್ತಾ, ಕುಕ್ಕೆಯನ್ನು ಎದೆಗೆ ಅವಚಿಕೊಂಡು ಗಾಳಿಗುಡ್ಡ ಹತ್ತಿದಳು. ಅವಳ ಲಂಗದ ಅಂಚು ಕೂಡ ಗಾಳಿಯಿಲ್ಲದೆ ಸುತ್ತಿದಂತಾಯಿತು. ಅವಳು ಅತ್ತ ನೋಡಲಿಲ್ಲ.

ಗುಡ್ಡದ ನೆತ್ತಿಯಲ್ಲಿ ಹಾಸುಬಂಡೆ. ಬಂಡೆಯ ನಡುವೆ ಆ ದೊಡ್ಡ ಮೊಟ್ಟೆ. ಮೊಟ್ಟೆಯನ್ನು ಸುತ್ತುತ್ತಾ, ಬಂಡೆಯನ್ನು ಸುಡುತ್ತಾ ಉರಿಗಾಲ. ಕೋಪದಲ್ಲಿ ಮಾಡಿದ ಕೆಲಸ ಹೇಗಿರುತ್ತದೆ ನೋಡಿ, ನಾಡಿನ ಕೂರುವ ಸುಖವನ್ನೆಲ್ಲ ಮೊಟ್ಟೆಗೆ ತುಂಬಿದವನು ತನಗೊಂದು ಚೂರೂ ಇಟ್ಟುಕೊಂಡಿರಲಿಲ್ಲ.

ಅವನು ಕುಕ್ಕೆಯನ್ನು ಕಂಡ, ಕೂತ ಹೇಂಟೆಯನ್ನು ಕಂಡ. ಕೈಯೆತ್ತಿ ಆಕಾಶದಿಂದ ಒಂದು ಗುಡುಗನ್ನು ಕಿತ್ತು ಕುಕ್ಕೆಗೆ ಎಸೆದ. ಗುಡುಗು ಉರುಳಿ ಬಂದು ಕುಡುಗೋಲಿನ ಚೂರಿನೊಳಗೆ ಹೊಕ್ಕಿತು, ಅಲ್ಲೇ ಸ್ವಲ್ಪ ಹೊತ್ತು ಗೊಣಗಿತು, ತಣ್ಣಗಾಯಿತು. ಇನ್ನೊಂದು ಎಸೆದ, ಅದೂ ಹೊಕ್ಕಿತು. ಆಗ ಉರಿಗಾಲ ನಕ್ಕ. ಅವನೂ ಹಳ್ಳಿಯಲ್ಲಿ ಹುಟ್ಟಿದವನೇ. ಹೇಂಟೆಯ ಕಾವು ಬಿಡಿಸಬೇಕಾದರೆ ಜನ ಏನು ಮಾಡುತ್ತಾರೆಂದು ಅವನಿಗೆ ಗೊತ್ತಿತ್ತು. ತಣ್ಣೀರಲ್ಲಿ ಅದ್ದುತ್ತಾರೆ. ಚಿಟಿಕೆ ಹೊಡೆದ. ಮಂಜಿನಷ್ಟು ತಣ್ಣನೆಯ ಮಳೆ ಧೋ ಎಂದು ಸುರಿಯಿತು.

ಹೇಂಟೆ ಒದ್ದೆಯಾದರೆ ಕಾವು ಹೋಯಿತು. ಕಾವು ಹೋದರೆ ಅಜ್ಜಿ ಹೋದಳು. ಬೊಮ್ಮಿ ಯೋಚಿಸಲಿಲ್ಲ, ಕುಕ್ಕೆಯ ಮೇಲೆ ಬಗ್ಗಿ ತನ್ನ ಬೆನ್ನನ್ನೇ ಸೂರು ಮಾಡಿದಳು. ಮಳೆ ಬೆನ್ನಿಗೆ ಹೊಡೆಯಿತು. ಕೆಳಗೆ, ಅವಳ ಗಲ್ಲದ ಹತ್ತಿರ ಕೆಂಪು ಜುಟ್ಟು, ಹುಬ್ಬಿನ ಹತ್ತಿರ ಕೊಕ್ಕು. ಬಿಸಿಯಾದ ಹೊಟ್ಟಿನ ವಾಸನೆ. ದೊರೆಸಾನಿ ಕತ್ತು ಚಾಚಿತು. ಬೊಮ್ಮಿ ಉಸಿರು ಹಿಡಿದಳು, ಆದರೆ ಮುಖ ಸರಿಸಲಿಲ್ಲ. ಕೊಕ್ಕು ಬಂತು. ಹಳೆಯ ಕಲೆಯ ಮೇಲೆ ಅಂಟಿದ್ದ ಒಂದು ಹೊಟ್ಟಿನ ಚೂರನ್ನು ಹೆಕ್ಕಿಕೊಂಡು ಹಿಂದೆ ಹೋಯಿತು. ನೋವೇ ಆಗಲಿಲ್ಲ.

ಮಳೆ ಸುರಿದು ಸುರಿದು ತೀರಿತು. ಬೊಮ್ಮಿ ಕುಕ್ಕೆಯನ್ನು ದೊಡ್ಡ ಮೊಟ್ಟೆಗೆ ಆನಿಸಿ ಇಟ್ಟಳು. ದೊರೆಸಾನಿ ಆ ಮೊಟ್ಟೆಯನ್ನು ಒಂದು ಕಣ್ಣಿನಿಂದ ನೋಡಿತು, ಕತ್ತು ತಿರುಗಿಸಿ ಇನ್ನೊಂದರಿಂದ ನೋಡಿತು. ಕಾವಿಗೆ ಕೂತ ಹೇಂಟೆಗೆ ಮೊಟ್ಟೆ ಎಂದರೆ ಮೊಟ್ಟೆಯೇ, ಯಾರದು ಎಷ್ಟು ದೊಡ್ಡದು ಎಂಬ ಲೆಕ್ಕವಿಲ್ಲ. ಆದರೆ ಇದರ ಮೇಲೆ ಕೂರಬೇಕಾದರೆ ತನ್ನವನ್ನು ಬಿಡಬೇಕು. ಅದು ಎದ್ದಿತು, ಕೂತಿತು, ಮತ್ತೆ ಎದ್ದಿತು. ಅದಕ್ಕೂ ಕಾಲು ನಿಲ್ಲದಂತಾಯಿತು.

ಬೊಮ್ಮಿಗೆ ಅರ್ಥವಾಯಿತು. "ಕೊಡು" ಎಂದಳು. "ನಾನು ಇಟ್ಟುಕೊಂಡಿರ್ತೀನಿ. ಬೀಳಿಸಲ್ಲ."

ಹಿಂದೆ ಒಂದು ಸಲ ಒಂದು ಮರಿಗೆ ಚಾಚಿದ ಅದೇ ಕೈಯನ್ನು ಈಗ ಹೇಂಟೆಯ ಹೊಟ್ಟೆಯ ಕೆಳಕ್ಕೆ ಚಾಚಿದಳು. ಅಲ್ಲಿ ಪುಕ್ಕ ಉದುರಿ ಬರಿಯ ಚರ್ಮ, ಜ್ವರ ಬಂದವರ ಹಣೆಯಷ್ಟು ಬಿಸಿ. ದೊರೆಸಾನಿ ಕುಕ್ಕಲಿಲ್ಲ. ಹೊಟ್ಟೆ ಎತ್ತಿ ಜಾಗ ಮಾಡಿಕೊಟ್ಟಿತು. ಬೊಮ್ಮಿ ಒಂದೊಂದೇ ಮೊಟ್ಟೆ ತೆಗೆದು ಲಂಗದ ಮಡಿಲಿಗೆ ಹಾಕಿ, ಹೊಟ್ಟೆಗೆ ಒತ್ತಿಕೊಂಡಳು. ದೊರೆಸಾನಿ ರೆಕ್ಕೆ ಬಡಿದು ದೊಡ್ಡ ಮೊಟ್ಟೆಯ ಮೇಲೆ ಹಾರಿ, ರಾಣಿಯಂತೆ ನೆಲೆಗೊಂಡಿತು.

ಉರಿಗಾಲ ಧಾವಿಸಿ ಬಂದು ಅದರ ಕತ್ತಿಗೆ ಕೈ ಹಾಕಿದ. ಅದು ಕುಕ್ಕಿತು. ಲೋಕವೆಲ್ಲ ಹೆದರುವ ಮಾಂತ್ರಿಕ ಬೆರಳನ್ನು ಬಾಯಿಗಿಟ್ಟುಕೊಂಡು ಅಲ್ಲೇ ಸುತ್ತತೊಡಗಿದ. ಕೆಳಗೆ ಮೊಟ್ಟೆಗೊರಗಿ ಬೊಮ್ಮಿ ಇದ್ದಳು. ಯಾರೋ ಹಿರಿಯರು ಹತ್ತಿರ ಬಂದಿದ್ದಾರೆ. ಮಣೆನಾಡಿನ ಮಗು, ಅವಳಿಗೆ ಬೇರೆ ಮಾತು ಬರಲಿಲ್ಲ.

"ಬನ್ನಿ ತಾತ, ಕೂತ್ಕೊಳ್ಳಿ" ಎಂದು ಸರಿದು ಜಾಗ ಬಿಟ್ಟಳು. "ಬೆಲ್ಲ ತಗೊಳ್ಳಿ. ಬುರುಡೆಯಲ್ಲಿ ನೀರಿದೆ."

"ಏನಂದೆ?" ಎಂದ ಉರಿಗಾಲ.

"ಬೆಲ್ಲ ಒದ್ದೆಯಾಗಿದೆ. ಪರವಾಗಿಲ್ಲ, ಸಿಹಿ ಇರುತ್ತೆ."

ಅವನು ಬೆಲ್ಲವನ್ನು ಬಾಯಿಗೆ ಹಾಕಿಕೊಂಡ. ನೀರು ಕುಡಿದ. ಆಮೇಲೆ ಸಣ್ಣ ದನಿಯಲ್ಲಿ, "ಹೇಗೆ ಕೂರಲಮ್ಮ? ನನಗೂ ಆಗೋದಿಲ್ಲ. ನನ್ನದೂ ಅದರೊಳಗೇ ಹೋಯಿತು" ಎಂದ. "ನೀನು ಹೇಗೆ ಕೂತೆ?"

ಆಗ ಬೊಮ್ಮಿ ಕೆಳಗೆ ನೋಡಿಕೊಂಡಳು. ಹೌದು. ಅವಳು ಕೂತಿದ್ದಳು. ಕಾಲು ಮಡಚಿ, ಮಡಿಲು ತುಂಬ ಮೊಟ್ಟೆ ಇಟ್ಟುಕೊಂಡು, ಮಣೆಯ ಮೇಲೆ ಕೂತ ಹಾಗೆ ಕೂತಿದ್ದಳು. ಯಾವಾಗ ಕೂತಳೋ ಅವಳಿಗೇ ತಿಳಿದಿರಲಿಲ್ಲ.

"ಇದನ್ನ ಇಟ್ಟುಕೊಂಡು ನೋಡಿ" ಎಂದು ಅವನ ಕೈಗೆ ಒಂದು ಮೊಟ್ಟೆ ಕೊಟ್ಟಳು. "ನನ್ನ ಮಡಿಲಲ್ಲಿ ಜಾಗ ಸಾಲ್ತಿಲ್ಲ. ಗಾಳಿ ತಾಗಬಾರದು. ಬೀಳಿಸಿದರೆ ಅದು ನಿಮ್ಮನ್ನ ಸುಮ್ಮನೆ ಬಿಡಲ್ಲ, ನೋಡಿದಿರಲ್ಲ."

ಉರಿಗಾಲ ಮೊಟ್ಟೆಯನ್ನು ಗಡ್ಡದೊಳಗೆ ಹುದುಗಿಸಿಕೊಂಡ. ಅಲ್ಲಾಡಿದರೆ ಬಿದ್ದೀತೆಂದು ಮೆಲ್ಲಗೆ ಬಗ್ಗಿದ, ಇನ್ನೂ ಬಗ್ಗಿದ, ಬಂಡೆಗೆ ಕುಂಡೆ ತಾಗಿತು. ಅಂಗಾಲಿನ ಕೆಂಡ ಚುಂಯ್ ಎಂದು ಆರಿತು.

ಮೂವರೂ ಹಾಗೇ ಕೂತರು. ಬಿಸಿಲು ಬಂತು, ಹೋಯಿತು, ಮತ್ತೆ ಬಂತು. ಬೊಮ್ಮಿ ದೊರೆಸಾನಿಗೆ ರಾಗಿ ತಿನ್ನಿಸಿದಳು. ತನಗೆ ಹಸಿವಾದಾಗ ಅದರಲ್ಲೇ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಕಾಲು ಜೋಮು ಹಿಡಿಯಿತು, ಬೆನ್ನು ನೊಂದಿತು. ದೂರದ ಬಯಲಿನಲ್ಲಿ ಸುಳಿಗಾಳಿಗಳು ಹೆಚ್ಚುತ್ತಿದ್ದವು. ಅದರಲ್ಲಿ ಒಂದು ಅಜ್ಜಿಯಾಗಿರಬಹುದೇ ಎಂದು ಅವಳ ಎದೆ ಎದ್ದು ಎದ್ದು ಓಡುತ್ತಿತ್ತು. ಆದರೆ ಅವಳು ಏಳಲಿಲ್ಲ. ಎದೆ ಬೇಕಾದರೆ ಓಡಲಿ, ಮೊಟ್ಟೆ ಅಲ್ಲಾಡಬಾರದು.

ಕೊನೆಗೆ ಒಂದು ಬೆಳಿಗ್ಗೆ ಮಡಿಲಿನಲ್ಲಿ ಟಿಕ್ ಎಂದಿತು. ಗಡ್ಡದಲ್ಲಿ ಟಿಕ್ ಎಂದಿತು. ಬೆನ್ನ ಹಿಂದೆ, ಬಂಡೆ ಸೀಳುವಂತೆ, ಟಕ್ ಎಂದಿತು. ದೊಡ್ಡ ಮೊಟ್ಟೆ ಎರಡು ಹೋಳಾಯಿತು.

ಒಳಗೆ ಮರಿ ಇರಲಿಲ್ಲ. ಒಳಗಿನಿಂದ ಒಂದು ಸದ್ದು ಬಂತು. ಬಹಳ ದೂರ ನಡೆದು ಬಂದವರು ಜಗಲಿಯ ಮೇಲೆ ಕುಸಿಯುವಾಗ ಬಾಯಿಂದ ಬರುತ್ತದಲ್ಲ, ಅದು. "ಉಸ್ಸಪ್ಪಾ" ಎಂದು ಆ ಸದ್ದು ಗುಡ್ಡ ಇಳಿಯಿತು, ಕಾಡು ದಾಟಿತು, ಹೊಳೆ ದಾಟಿತು, ಮಣೆನಾಡಿನ ತುಂಬ ಹರಡಿತು. ಎಲ್ಲರೂ ಎಲ್ಲಿದ್ದರೋ ಅಲ್ಲೇ ಕೂತರು. ರಾಜ ಕೆಸರಿನಲ್ಲಿ ಕೂತ. ಸೇನಾಪತಿ ಇರುವೆಗೂಡಿನ ಮೇಲೆ ಕೂತ, ಆದರೂ ಏಳಲಿಲ್ಲ. ಕ್ಷೌರಿಕನೂ ಗಿರಾಕಿಯೂ ಒಬ್ಬರ ಮೇಲೊಬ್ಬರು ಕೂತರು. ಕಾಡುಬೆಕ್ಕು ಲೋಕದ ತುದಿಯಲ್ಲಿ ಎಲ್ಲೋ ಕೂತು ಮೂಗು ನೆಕ್ಕಿಕೊಂಡಿತು. ಬೀದಿಯ ಸುಳಿಗಾಳಿಗಳೆಲ್ಲ ಕೆಳಗಿಳಿದು ಮತ್ತೆ ಮನುಷ್ಯರಾದವು. ಹೊನ್ನಜ್ಜಿ ಆಗಲೇ ಸೊಂಟದವರೆಗೆ ಗಾಳಿಯಾಗಿದ್ದವಳು, ಕಾಲು ಮೂಡಿ ತನ್ನ ಜಗಲಿಯ ಮೇಲೆ ಧೊಪ್ಪೆಂದು ಕೂತಳು. ಅವಳ ಪಕ್ಕದಲ್ಲಿ ಧೂಳು ಕೊಡವಿಕೊಳ್ಳುತ್ತಾ ಅಜ್ಜ.

"ಈಗಷ್ಟೇ ಗುಡಿಸಿದ್ದೆ" ಎಂದಳು ಅಜ್ಜಿ, ಕಣ್ಣೊರೆಸಿಕೊಳ್ಳುತ್ತಾ.

ಬೊಮ್ಮಿ ತಲೆಯ ಮೇಲೆ ಕುಕ್ಕೆ ಹೊತ್ತು ಊರಿಗೆ ಬಂದಳು. ಕುಕ್ಕೆಯಲ್ಲಿ ದೊರೆಸಾನಿ, ಅದರ ರೆಕ್ಕೆಯೊಳಗೆ ಮರಿಗಳು. ಹಿಂದೆ ತಣ್ಣನೆಯ ಕಾಲಿನಲ್ಲಿ ಉರಿಗಾಲ. ಅವನ ಗಡ್ಡದಲ್ಲಿ ಹುಟ್ಟಿದ ಮರಿ ಮಾತ್ರ ಕುಕ್ಕೆಗೆ ಹೋಗಲು ಒಪ್ಪದೆ, ಅವನೇ ತಾಯಿಯೆಂದು ಚಿಂವ್ ಚಿಂವ್ ಎನ್ನುತ್ತಾ ಅವನ ಹಿಮ್ಮಡಿಗೆ ಅಂಟಿಕೊಂಡೇ ಬಂತು. ರಾಜ ಕೆಸರಿನ ಬಟ್ಟೆಯಲ್ಲೇ ಎದ್ದು ಬಂದು, ತಾನೇ ಮಣೆ ಹಾಕಿ, ತಾನೇ ಬೆಲ್ಲ ಕೊಟ್ಟು, ಮಾಂತ್ರಿಕನ ಪಕ್ಕದಲ್ಲಿ ಕೂತ. ಊಟದ ಹೊತ್ತಾದರೂ ಏಳಲಿಲ್ಲ.

ಅಂದಿನಿಂದ ಮಣೆನಾಡಿನಲ್ಲಿ "ಕೂತಿರಿ, ಬಂದೆ" ಎಂಬ ಮಾತಿಲ್ಲ. ಕೂರಿಸಿದವರು ಜೊತೆಗೆ ಕೂರಬೇಕು. ಅಲ್ಲಿನ ಸಿಂಹಾಸನದ ಮೇಲೆ ಯಾವ ಹೇಂಟೆ ಕಾವು ಕೂತರೂ ಅದನ್ನು ಎಬ್ಬಿಸುವಂತಿಲ್ಲ, ಮರಿಯಾಗುವವರೆಗೆ ರಾಜನಿಗೆ ಕೆಳಗೆ ಮಣೆ. ಬೊಮ್ಮಿಗೆ ಹುಂಜವನ್ನು ಕಂಡರೆ ಈಗಲೂ ಒಂಚೂರು ಭಯವೇ. ಆದರೆ ಸಂಜೆ ಅವಳು ಜಗಲಿಗೆ ಬಂದು ಕಾಲು ಮಡಚಿದಳೆಂದರೆ, ದೊರೆಸಾನಿ ಅಂಗಳದ ಆ ತುದಿಯಿಂದ ಗತ್ತಿನಲ್ಲಿ ನಡೆದು ಬಂದು, ಒಂದೇ ಕಣ್ಣಿನಿಂದ ಅವಳನ್ನು ನೋಡಿ, ಮಡಿಲು ಹತ್ತಿ ಕೂರುತ್ತದೆ. ಅವರು ಅಲ್ಲಿ ಹಾಗೆ ಸುಖವಾಗಿ ಕೂತಿದ್ದಾರೆ. ನಾವೂ ಇಲ್ಲಿ ಕೂತಿದ್ದೇವೆ. ಏಳುವ ಅವಸರ ಯಾರಿಗಿದೆ.